ಮಾರ್ಗರೆಟ್ ಆಳ್ವಾ ಬಂದ ದಾರಿ, ಉತ್ತರ ಕನ್ನಡದ ಮುಂದಿನ ಎರಡು ಸೀಟು

ಕಳೆದ ಬೇಸಿಗೆಯಲ್ಲಿ ಶಿರಸಿ ಹತ್ತಿರದ ಒಂದು ಮದುವೆಮನೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೊಬ್ಬರು, ಬಲಕ್ಕೊಬ್ಬರು. ಇಬ್ಬರೂ ಎರಡು ಬೇರೆ ಪಕ್ಷಗಳಿಗೆ ಇಪ್ಪತ್ತು ವರ್ಷದಿಂದ ಬ್ಯಾನರ್ ಕಟ್ಟಿದವರು. ತಂಬುಳಿ ಬಡಿಸುವ ಹೊತ್ತಿಗೆ ಮಾತು ಅಡಿಕೆ ದರ, ಎಲೆಚುಕ್ಕಿ ರೋಗ ಎಲ್ಲ ದಾಟಿ ಮಹಿಳಾ ಮೀಸಲಾತಿಗೆ ಬಂತು. "ಜಿಲ್ಲೆಗೆ ಆರು ಸೀಟು. ಮೂರಕ್ಕೊಂದು ಅಂದ್ರೆ ಎರಡು ಹೆಂಗಸ್ರಿಗೆ ಹೋತು. ಯಾವ್ಯಾವ್ದು ಹೇಳು ನೋಡನ" ಎಂದರು ಎಡಗಡೆಯವರು. ಬಲಗಡೆಯವರು ಲೆಕ್ಕ ಶುರು ಮಾಡಿದರು. ಇಂಥಲ್ಲಿ ಇಂಥವರ ಹೆಂಡತಿ, ಅಲ್ಲಿ ಅವರ ಸೊಸೆ, ಇಲ್ಲಿ ಇವರ ಮಗಳು, ಬೆಂಗಳೂರಲ್ಲಿ ಓದಿದವಳಿದ್ದಾಳಲ್ಲ, ಅವಳು. ಹೋಳಿಗೆ ಬರುವಷ್ಟರಲ್ಲಿ ಎಂಟೊಂಬತ್ತು ಅಭ್ಯರ್ಥಿಗಳು ತಯಾರಾಗಿದ್ದರು. ಒಬ್ಬಳಿಗೂ ಸ್ವಂತ ಹೆಸರಿರಲಿಲ್ಲ. ಇಬ್ಬರಿಗೂ ಗೊತ್ತಿದ್ದದ್ದು ಗಂಡಂದಿರ ಹೆಸರು, ಮಾವಂದಿರ ಹೆಸರು.

ಮಜ್ಜಿಗೆಗೆ ಕೈಯೊಡ್ಡುತ್ತ ಎಡಗಡೆಯವರು ಒಂದು ನಿಟ್ಟುಸಿರು ಬಿಟ್ಟರು: "ಮಾರ್ಗರೆಟ್ ಆಳ್ವಾ ನಮೂನಿಯವು ಈಗ ಎಲ್ಲಿದ್ದ?"

ಮಾರ್ಗರೆಟ್ ಎಂದರೆ ಕಾಂಗ್ರೆಸ್ಸಿನ ಹಿರಿಯ ನಾಯಕಿ, ಒಮ್ಮೆ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಗೆದ್ದವರು. ಆ ಮಾತು ನನ್ನ ಜೊತೆಯೇ ಘಟ್ಟ ಇಳಿದು ಬಂತು. ಅವರಂಥವರು ಎಲ್ಲಿದ್ದಾರೆ ಎಂದು ಹುಡುಕುವ ಮೊದಲು ಅವರು ಎಲ್ಲಿಂದ ಬಂದರು, ಯಾವ ದಾರಿಯಲ್ಲಿ ಬಂದರು ಎಂದು ನೋಡಬೇಕು. ಆ ದಾರಿಯಲ್ಲಿ ಇನ್ನೊಬ್ಬಳು ಬರಲು ಸಾಧ್ಯವೇ ಎನ್ನುವುದು ಆಮೇಲಿನ ಪ್ರಶ್ನೆ.

ಮೊದಲು ಕಾಯ್ದೆಯ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಪಂಕ್ತಿಯ ಲೆಕ್ಕ ಅರ್ಧ ಮಾತ್ರ ಸರಿ. 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಸಂವಿಧಾನದ 106ನೇ ತಿದ್ದುಪಡಿಯನ್ನು ಒಪ್ಪಿತು. ಲೋಕಸಭೆಯಲ್ಲಿ 454 ಮತ ಪರ, ಎರಡೇ ಎರಡು ವಿರುದ್ಧ. ರಾಜ್ಯಸಭೆಯಲ್ಲಿ ವಿರೋಧವೇ ಇಲ್ಲ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ಮೀಸಲು ಕ್ಷೇತ್ರಗಳ ಒಳಗೂ ಅದೇ ಪಾಲು. ಅವಧಿ 15 ವರ್ಷ. ಆದರೆ ಕಾಯ್ದೆ ಬರೆಯುವಾಗಲೇ ಅದಕ್ಕೊಂದು ಬೀಗ ಹಾಕಿದ್ದರು: ಮೊದಲು ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ, ಅದಾದ ಮೇಲೆ ಮೀಸಲಾತಿ. ಜನಗಣತಿಗೆ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ಮರುವಿಂಗಡಣೆ ಆದಾಗ ನಮ್ಮ ಜಿಲ್ಲೆಗೆ ಆರೇ ಉಳಿಯುತ್ತವೆ ಎಂಬ ಖಾತ್ರಿಯಿಲ್ಲ. ಜಿಲ್ಲೆಗಿಷ್ಟು ಎಂದು ಹಂಚುವ ನಿಯಮವೂ ಕಾಯ್ದೆಯಲ್ಲಿಲ್ಲ. 224ರ ಮೂರನೇ ಒಂದು ಭಾಗವೆಂದರೆ 75ರ ಆಸುಪಾಸು, ಅದರಲ್ಲಿ ನಮಗೆ ಎಷ್ಟು ಬರುತ್ತದೋ ಬರಲಿ. ಸದ್ಯಕ್ಕೆ 'ಎರಡು' ಎಂದೇ ಇಟ್ಟುಕೊಳ್ಳೋಣ. ಊರಿನ ಬಾಯಲ್ಲಿ ಅದೇ ನಿಂತಿದೆ.

ಈಗಿನ ಸ್ಥಿತಿಯೂ ಕಣ್ಣೆದುರಿಗೇ ಇದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು ಹತ್ತು. ಉತ್ತರ ಕನ್ನಡದಿಂದ ಸೊನ್ನೆ.

ಮಾರ್ಗರೆಟ್ ಹುಟ್ಟಿದ್ದು 1942ರ ಏಪ್ರಿಲ್ 14ರಂದು ಮಂಗಳೂರಿನಲ್ಲಿ, ನಜರೆತ್ ಮನೆತನದಲ್ಲಿ. ಬೆಂಗಳೂರಿನ ಮೌಂಟ್ ಕಾರ್ಮೆಲ್‌ನಲ್ಲಿ ಪದವಿ, ಸರ್ಕಾರಿ ಕಾನೂನು ಕಾಲೇಜಿನಲ್ಲಿ ವಕೀಲಿಕೆ. 1964ರಲ್ಲಿ ನಿರಂಜನ ಆಳ್ವಾ ಅವರನ್ನು ಮದುವೆಯಾದರು. ಉತ್ತರ ಕನ್ನಡದ ಜೊತೆ ಅವರ ನಂಟು ಶುರುವಾಗುವುದು ಈ ಮದುವೆಯಿಂದ, ತವರಿನಿಂದಲ್ಲ. ಅತ್ತೆ ಮಾವಂದಿರಿಬ್ಬರೂ ಆಗ ಸಂಸತ್ತಿನಲ್ಲಿದ್ದರು, ಮಾವನ ಕ್ಷೇತ್ರ ನಮ್ಮದೇ.

ಮಾವ ಜೋಕಿಂ ಆಳ್ವಾ, ಉಡುಪಿ ಹತ್ತಿರದ ಬೆಳ್ಳೆಯವರು, ಮುಂಬಯಿಯಲ್ಲಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರ. 1952, 1957, 1962ರ ಮೂರೂ ಲೋಕಸಭಾ ಚುನಾವಣೆಗಳಲ್ಲಿ ಕೆನರಾದಿಂದ, ಅಂದರೆ ಉತ್ತರ ಕನ್ನಡದ ಲೋಕಸಭಾ ಕ್ಷೇತ್ರದಿಂದ, ಗೆದ್ದವರು. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಾರವಾರದ ಮಕ್ಕಳು ಓದಿಗೂ ನೌಕರಿಗೂ ಮುಂಬಯಿಗೇ ಹೋಗುತ್ತಿದ್ದ ಆ ಕಾಲದಲ್ಲಿ ಮುಂಬಯಿಯ ಒಬ್ಬ ವಕೀಲ ಇಲ್ಲಿ ಬಂದು ನಿಲ್ಲುವುದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಅತ್ತೆ ವಯೊಲೆಟ್ ಆಳ್ವಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅವರ ಹೆಸರನ್ನು ಸೊಸೆಯ ಹೆಸರು ಪೂರ್ತಿ ಮುಚ್ಚಿಬಿಟ್ಟಿದೆ. 1908ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಗುಜರಾತಿ ಕ್ರೈಸ್ತ ಹೆಣ್ಣುಮಗಳು. 1944ರಲ್ಲಿ ಹೈಕೋರ್ಟಿನ ಪೂರ್ಣಪೀಠದೆದುರು ವಾದ ಮಾಡಿದರು, ದೇಶದಲ್ಲಿ ಹಾಗೆ ಮಾಡಿದ ಮೊದಲ ಮಹಿಳಾ ವಕೀಲೆ. ಅದಕ್ಕೂ ಹಿಂದಿನ ವರ್ಷ ಬ್ರಿಟಿಷರು ಬಂಧಿಸಿದಾಗ ಐದು ತಿಂಗಳ ಮಗುವನ್ನು ಎತ್ತಿಕೊಂಡೇ ಆರ್ಥರ್ ರೋಡ್ ಜೈಲಿಗೆ ಹೋಗಿದ್ದರು. 1952ರಲ್ಲಿ ಗಂಡ ಲೋಕಸಭೆಗೆ, ಹೆಂಡತಿ ರಾಜ್ಯಸಭೆಗೆ: ಸಂಸತ್ತಿನ ಮೊದಲ ದಂಪತಿ. 1957ರಿಂದ ಗೃಹ ಖಾತೆಯ ಉಪಸಚಿವೆ, 1962ರಿಂದ ರಾಜ್ಯಸಭೆಯ ಉಪಸಭಾಪತಿ. ಆ ಕುರ್ಚಿಯಲ್ಲಿ ಕೂತು ಸದನ ನಡೆಸಿದ ಮೊದಲ ಹೆಂಗಸು ಅವರೇ. 1969ರಲ್ಲಿ ಉಪರಾಷ್ಟ್ರಪತಿ ಸ್ಥಾನದ ಆಸೆಯಿತ್ತು, ಪಕ್ಷದ ನಾಯಕತ್ವ ಬೆಂಬಲಿಸಲಿಲ್ಲ. ನವೆಂಬರಿನಲ್ಲಿ ಉಪಸಭಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಐದನೇ ದಿನಕ್ಕೆ ತೀರಿಕೊಂಡರು. 53 ವರ್ಷಗಳ ನಂತರ, 2022ರಲ್ಲಿ, ಸೊಸೆ ಅದೇ ಉಪರಾಷ್ಟ್ರಪತಿ ಸ್ಥಾನಕ್ಕೆ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ನಿಂತು 182 ಮತ ಪಡೆದು ಸೋತರು.

ಮಾರ್ಗರೆಟ್ ಕಾಂಗ್ರೆಸ್ ಸೇರಿದ್ದು ಅತ್ತೆ ತೀರಿಕೊಂಡ ಅದೇ 1969ರಲ್ಲಿ. ಐದೇ ವರ್ಷಕ್ಕೆ ರಾಜ್ಯಸಭೆ. ಆಗ ಅವರಿಗೆ 32. 1974ರಿಂದ 1998ರವರೆಗೆ ಬಿಡುವಿಲ್ಲದೆ ನಾಲ್ಕು ಅವಧಿ, ಅಂದರೆ 24 ವರ್ಷ. ನಡುವೆ ರಾಜೀವ್ ಗಾಂಧಿ ಸರ್ಕಾರದಲ್ಲಿ ಸಂಸದೀಯ ವ್ಯವಹಾರ, ಆಮೇಲೆ ಯುವಜನ, ಕ್ರೀಡೆ, ಮಹಿಳೆ ಮತ್ತು ಮಕ್ಕಳ ಖಾತೆ. ನರಸಿಂಹ ರಾವ್ ಸರ್ಕಾರದಲ್ಲಿ ಸಿಬ್ಬಂದಿ ಖಾತೆ. ಯಾವಾಗಲೂ ರಾಜ್ಯ ಸಚಿವೆ, ಸಂಪುಟ ದರ್ಜೆ ಒಮ್ಮೆಯೂ ಸಿಗಲಿಲ್ಲ. ಅಷ್ಟು ಅನುಭವವಿದ್ದ ಗಂಡಸಿಗೆ ಹಾಗೆ ಆಗುತ್ತಿತ್ತೇ ಎಂದು ಕೇಳಿದರೆ ತಪ್ಪಾಗಲಾರದು.

ಅವರ ಹೆಸರು ನಿಲ್ಲಬೇಕಾದದ್ದು ಯಾವ ಖಾತೆಯಿಂದಲೂ ಅಲ್ಲ, 1988ರ ಒಂದು ದಸ್ತಾವೇಜಿನಿಂದ ಎಂದು ನನಗನ್ನಿಸುತ್ತದೆ. ಮಹಿಳೆಯರಿಗಾಗಿ ರಾಷ್ಟ್ರೀಯ ಮುನ್ನೋಟ ಯೋಜನೆ, 1988ರಿಂದ 2000ದವರೆಗಿನದ್ದು. ಅದನ್ನು ರೂಪಿಸಿದ ಗುಂಪಿನ ಮುಂದಾಳತ್ವ ಅವರದ್ದು. ಹಳ್ಳಿ ಪಂಚಾಯತ್‌ನಿಂದ ಜಿಲ್ಲಾ ಪರಿಷತ್ತಿನವರೆಗೆ ಶೇಕಡಾ 30 ಸ್ಥಾನ ಹೆಂಗಸರಿಗೆ ಮೀಸಲಿಡಬೇಕು ಎಂದು ಅದರಲ್ಲಿ ಶಿಫಾರಸು ಮಾಡಿದ್ದರು. 1989ರಲ್ಲಿ ರಾಜೀವ್ ತಂದ 64ನೇ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. 1992ರ ಕೊನೆಗೆ 73ನೇ ತಿದ್ದುಪಡಿಯಾಗಿ ಮತ್ತೆ ಬಂದು 1993ರ ಏಪ್ರಿಲ್ 24ರಿಂದ ಜಾರಿಯಾಯಿತು, ಮೂರನೇ ಒಂದು ಪಾಲಿನೊಂದಿಗೆ.

ಇಲ್ಲಿ ನಮ್ಮ ಜಿಲ್ಲೆಯ ಇನ್ನೊಬ್ಬರನ್ನು ಕರೆತರಲೇಬೇಕು. ದೆಹಲಿ ಯೋಚನೆ ಮಾಡುವ ಮೊದಲೇ ಕರ್ನಾಟಕ ಅದನ್ನು ಮಾಡಿ ತೋರಿಸಿತ್ತು. 1983ರ ಪಂಚಾಯತ್ ಕಾಯ್ದೆಯಲ್ಲಿ ಮಂಡಲ ಪಂಚಾಯತ್‌ಗೂ ಜಿಲ್ಲಾ ಪರಿಷತ್ತಿಗೂ ಶೇಕಡಾ 25 ಮಹಿಳಾ ಮೀಸಲಾತಿಯಿತ್ತು, 1987ರ ಜನವರಿಯಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಕಾಯ್ದೆಯ ಬೆನ್ನೆಲುಬು ಆಗಿನ ಪಂಚಾಯತ್‌ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್, ಮುಖ್ಯಮಂತ್ರಿ ಸಿದ್ದಾಪುರ ದೊಡ್ಮನೆಯ ರಾಮಕೃಷ್ಣ ಹೆಗಡೆ. ದೊಡ್ಮನೆಯ ಹೆಗಡೆ, ಕೆನರಾದ ಸೊಸೆ ಆಳ್ವಾ. ರಾಜಕೀಯದಲ್ಲಿ ಎದುರುಬದುರು ನಿಂತವರು. ಹಳ್ಳಿಯ ಹೆಂಗಸಿಗೆ ಪಂಚಾಯತ್ ಕುರ್ಚಿ ಕೊಡಿಸಿದ ಎರಡು ಮುಖ್ಯ ಹೆಜ್ಜೆಗಳಲ್ಲಿ ಇಬ್ಬರ ಕೈಯೂ ಇದೆ. ಇಷ್ಟಾಗಿಯೂ ಮೀಸಲಾತಿ ಹೆಂಗಸರನ್ನು ಮೇಲಕ್ಕೆ ಕಳಿಸುವ ಏಣಿಯಾಗಿ ಇದೇ ಜಿಲ್ಲೆಯಲ್ಲಿ ಕೆಲಸ ಮಾಡಲಿಲ್ಲ. ನನಗೆ ಹೇಳಬೇಕಾದದ್ದು ಇದೇ.

1999. ರಾಜ್ಯಸಭೆಯ ಅವಧಿ ಮುಗಿದ ಮಾರ್ಗರೆಟ್ ಕೆನರಾಕ್ಕೆ ಬಂದರು. ಮಾವ ಬಿಟ್ಟ ಕ್ಷೇತ್ರ ಅಷ್ಟರಲ್ಲಿ ತುಂಬ ಬದಲಾಗಿತ್ತು. 1967ರಲ್ಲಿ ಚುಟುಕದ ದಿನಕರ ದೇಸಾಯಿ ಪಕ್ಷೇತರರಾಗಿ ಗೆದ್ದಿದ್ದರು, ಬಿ.ವಿ. ನಾಯಕ, ಬಿ.ಪಿ. ಕದಂ ಬಂದುಹೋಗಿದ್ದರು, ದೇವರಾಯ ನಾಯ್ಕ 1980ರಿಂದ ಸತತ ನಾಲ್ಕು ಸಲ ಆರಿಸಿ ಬಂದಿದ್ದರು. 1996 ಮತ್ತು 1998ರಲ್ಲಿ ಬಿಜೆಪಿಯ ಅನಂತಕುಮಾರ ಹೆಗಡೆ. ಅವರನ್ನು ಸೋಲಿಸಿ ಮಾರ್ಗರೆಟ್ ಲೋಕಸಭೆಗೆ ಹೋದಾಗ ವಯಸ್ಸು 57. ಈ ಕ್ಷೇತ್ರದಿಂದ ಲೋಕಸಭೆಗೆ ಗೆದ್ದ ಮಹಿಳೆ ಇಂದಿಗೂ ಅವರೊಬ್ಬರೇ.

ಆ ಐದು ವರ್ಷ ಅವರು ಸಂಸತ್ತಿನ ಮಹಿಳಾ ಸಬಲೀಕರಣ ಸಮಿತಿಯ ಅಧ್ಯಕ್ಷೆಯೂ ಹೌದು. ಆದರೆ ಕ್ಷೇತ್ರಕ್ಕೆ ಬೇಕಾಗಿದ್ದದ್ದು ಬೇರೆ. ಸೀಬರ್ಡ್ ನೌಕಾನೆಲೆಗೆ ಮನೆ ಗದ್ದೆ ಬಿಟ್ಟವರಿಗೆ ಪರಿಹಾರ ಬೇಕಿತ್ತು. 2002ರ ಮೇ ತಿಂಗಳಲ್ಲಿ ಕೇಂದ್ರದ ಅರಣ್ಯ ಸಚಿವಾಲಯ ಅತಿಕ್ರಮಣ ತೆರವಿಗೆ ಸುತ್ತೋಲೆ ಹೊರಡಿಸಿದಾಗ ಘಟ್ಟದ ಮೇಲೂ ಕೆಳಗೂ ಸಾವಿರಾರು ಮನೆಗಳಲ್ಲಿ ನಿದ್ದೆ ಹಾರಿಹೋಗಿತ್ತು. ಹುಬ್ಬಳ್ಳಿ–ಅಂಕೋಲಾ ರೈಲು ಆಗಲೂ ಕಾಗದದ ಮೇಲಿತ್ತು. ದೆಹಲಿಯಲ್ಲಿ ದೊಡ್ಡ ಹೆಸರಾದವರಿಂದ ಜನ ದೊಡ್ಡದನ್ನೇ ಬಯಸುತ್ತಾರೆ. ವಿರೋಧ ಪಕ್ಷದಲ್ಲಿ ಕೂತ ಸಂಸದೆಗೆ ಎಷ್ಟು ಸಾಧ್ಯವಿತ್ತು ಎನ್ನುವುದು ನಂತರದ ವಿಚಾರ. "ಅವರು ದೆಹಲಿಯವರು" ಎಂಬ ಮಾತು ಅಂಟಿಕೊಂಡಿತು, ಬಿಡಲಿಲ್ಲ. 2004ರಲ್ಲಿ ಅನಂತಕುಮಾರ ಹೆಗಡೆ ಎದುರು ಸೋತರು. 2009ರಲ್ಲಿ ಮತ್ತೆ ಸೋತರು, ಈ ಸಲ ಸುಮಾರು 23 ಸಾವಿರ ಮತಗಳಿಂದ. ಸೋತ ಮೂರು ತಿಂಗಳಲ್ಲಿ ರಾಜ್ಯಪಾಲರ ನೇಮಕ ಬಂತು. ಉತ್ತರ ಕನ್ನಡ ಕೈಬಿಟ್ಟಿತು, ಉತ್ತರಾಖಂಡ ಕರೆಯಿತು ಎಂದು ನಮ್ಮ ಪೇಟೆಯಲ್ಲಿ ಒಬ್ಬರು ತಮಾಷೆ ಮಾಡುತ್ತಿದ್ದರು. ಆ ರಾಜ್ಯಕ್ಕೂ ಮೊದಲ ಮಹಿಳಾ ರಾಜ್ಯಪಾಲರು ಅವರೇ, ಆಮೇಲೆ ರಾಜಸ್ಥಾನ.

ಈ ಬದುಕನ್ನು ಮೆಚ್ಚದೆ ಇರುವುದು ಕಷ್ಟ. ಐದು ದಶಕ, ಗಂಡಸರದೇ ಆದ ಒಂದು ಪಕ್ಷದೊಳಗೆ ಬಾಯಿ ಮುಚ್ಚಿಕೊಳ್ಳದೆ ಬದುಕುವುದು ಸಣ್ಣ ಮಾತಲ್ಲ. 2008ರ ವಿಧಾನಸಭಾ ಚುನಾವಣೆಯ ನಂತರ, ಕರ್ನಾಟಕದಲ್ಲಿ ಕಾಂಗ್ರೆಸ್ ಟಿಕೆಟ್‌ಗಳು ಮಾರಾಟವಾಗಿವೆ ಎಂದು ಬಹಿರಂಗವಾಗಿಯೇ ಹೇಳಿದರು. ಪಕ್ಷ ಅಲ್ಲಗಳೆಯಿತು, ಅವರು ಎಐಸಿಸಿ ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಡಬೇಕಾಯಿತು. ಆ ಚುನಾವಣೆಯಲ್ಲಿ ಅವರ ಮಗನಿಗೆ ಟಿಕೆಟ್ ತಪ್ಪಿತ್ತು ಎಂಬುದನ್ನೂ ಮರೆಯುವಂತಿಲ್ಲ. ಹೇಳಿದ್ದು ಸಿಟ್ಟಿನಿಂದಲೋ ಸಾತ್ವಿಕ ಕೋಪದಿಂದಲೋ, ಹೇಳಿದವರು ಅವರೊಬ್ಬರೇ.

ಆದರೆ ಇದೇ ಮಗನ ವಿಷಯ ಹದಿನೈದು ವರ್ಷ ಬಿಟ್ಟು ಕುಮಟಾಕ್ಕೆ ಬಂದಾಗ ನನಗೆ ಕಸಿವಿಸಿಯಾಯಿತು. ಕುಮಟಾ–ಹೊನ್ನಾವರ ಕ್ಷೇತ್ರದಲ್ಲಿ 2013ರಲ್ಲಿ ಕಾಂಗ್ರೆಸ್‌ನ ಶಾರದಾ ಶೆಟ್ಟಿ ಗೆದ್ದಿದ್ದರು, ಐನೂರಕ್ಕೂ ಕಡಿಮೆ ಮತಗಳ ಅಂತರದಲ್ಲಿ. 2018ರಲ್ಲಿ ಸೋತರು. 2023ರಲ್ಲಿ ಪಕ್ಷ ಟಿಕೆಟ್ ಕೊಟ್ಟದ್ದು ನಿವೇದಿತ್ ಆಳ್ವಾ ಅವರಿಗೆ. ಅವರು ಮೂರನೇ ಸ್ಥಾನಕ್ಕೆ ಹೋದರು. ಮಹಿಳಾ ಮೀಸಲಾತಿಯ ದಸ್ತಾವೇಜು ಬರೆದ ತಾಯಿಯ ಮಗನಿಗಾಗಿ, ಒಮ್ಮೆ ಗೆದ್ದು ತೋರಿಸಿದ ಊರಿನ ಹೆಂಗಸು ಬದಿಗೆ ಸರಿಯಬೇಕಾಯಿತು. ಟಿಕೆಟ್ ಹಂಚುವುದು ಪಕ್ಷ, ತಾಯಿಯಲ್ಲ, ನಿಜ. ಆದರೂ ಅವತ್ತು ಕುಮಟಾದ ಮಾಸ್ತಿಕಟ್ಟೆ ಸರ್ಕಲ್ಲಿನಲ್ಲಿ ನಿಂತು ಪೇಪರ್ ಓದಿದ ನನಗೆ ಇದಕ್ಕಿಂತ ಬೇರೆ ರೀತಿಯಲ್ಲಿ ಯೋಚಿಸಲು ಆಗಲಿಲ್ಲ.

ಶಾರದಾ ಶೆಟ್ಟಿ ಕೂಡ ಮಾಜಿ ಶಾಸಕ ದಿವಂಗತ ಮೋಹನ್ ಶೆಟ್ಟಿ ಅವರ ಪತ್ನಿ. ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಹೆಂಗಸಿಗೆ ವಿಧಾನಸೌಧದ ಬಾಗಿಲು ತೆರೆಯುವ ಬೀಗದ ಕೈ ಬಹುಪಾಲು ಮನೆಯ ಗಂಡಸಿನ ಕಿಸೆಯಲ್ಲೇ ಇರುತ್ತದೆ. ಕೆಲವೊಮ್ಮೆ ಅವನು ಸತ್ತ ಮೇಲಷ್ಟೇ ಅದು ಕೈಗೆ ಬರುತ್ತದೆ. ಹಾಗೆಂದು ಊರಿಗೆ ಹೆಂಗಸಿಗೆ ಮತ ಹಾಕಿ ಅಭ್ಯಾಸವಿಲ್ಲ ಎಂದೂ ಅಲ್ಲ. ರಾಜ್ಯ ಒಂದಾದ ಮೇಲಿನ ಮೊದಲ ವಿಧಾನಸಭಾ ಚುನಾವಣೆಯಲ್ಲಿ, 1957ರಲ್ಲಿ, ಇದೇ ಕುಮಟಾ ವಸಂತಲತಾ ಮಿರ್ಜಾನ್‌ಕರ್ ಅವರನ್ನು ಕಳಿಸಿತ್ತು. ಇಂದು ಕುಮಟಾದ ಕಾಲೇಜು ಹುಡುಗಿಯರನ್ನು ಕೇಳಿ ನೋಡಿ, ಆ ಹೆಸರು ಕೇಳಿದವರು ಒಬ್ಬರಿದ್ದರೆ ಹೆಚ್ಚು.

ಕಾರವಾರದ ಕಥೆ ಸ್ವಲ್ಪ ಬೇರೆ. 2018ರಲ್ಲಿ ಬಿಜೆಪಿಯಿಂದ ಗೆದ್ದ ರೂಪಾಲಿ ನಾಯ್ಕ ಅವರಿಗೆ ಗಂಡನದೋ ಮಾವನದೋ ಶಾಸಕಗಿರಿಯ ಬೆನ್ನಿರಲಿಲ್ಲ. 2023ರಲ್ಲಿ ಸೋತದ್ದೂ ಎರಡು ಸಾವಿರ ಚಿಲ್ಲರೆ ಮತಗಳಲ್ಲಿ. ಪಕ್ಷಭೇದ ಬದಿಗಿಟ್ಟು ನೋಡಿದರೆ, ಜನ ಹೆಂಗಸಿಗೆ ಮತ ಹಾಕುವುದಿಲ್ಲ ಎಂಬ ಪಕ್ಷಗಳ ಸಬೂಬಿಗೆ ಇಲ್ಲಿ ಉತ್ತರವಿದೆ. 2024ರ ಲೋಕಸಭೆಗೆ ಕಾಂಗ್ರೆಸ್ ಖಾನಾಪುರದ ಮಾಜಿ ಶಾಸಕಿ, ವೈದ್ಯೆ ಅಂಜಲಿ ನಿಂಬಾಳ್ಕರ್ ಅವರನ್ನು ನಿಲ್ಲಿಸಿತು. ವಿಶ್ವೇಶ್ವರ ಹೆಗಡೆ ಕಾಗೇರಿ ಎದುರು 3.37 ಲಕ್ಷ ಮತಗಳಿಂದ ಸೋತರು. ಪಕ್ಷಕ್ಕೆ ಗೆಲ್ಲುವ ಭರವಸೆ ಕಡಿಮೆಯಿದ್ದ ಕಡೆ ಹೆಂಗಸಿನ ಹೆಸರು ಸುಲಭವಾಗಿ ಹೊಳೆಯುತ್ತದೆ. ಇದು ನನ್ನ ಗುಮಾನಿ, ಯಾವ ಪಕ್ಷದವರೂ ಒಪ್ಪಲಾರರು.

ಬೀದಿಗೆ ಬಂದರೆ ಚಿತ್ರವೇ ತಿರುಗುಮುರುಗು. 1930ರ ದಶಕದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ರೈತರ ಜಮೀನು ಜಪ್ತಿಯಾದಾಗ, ಜಪ್ತಿ ಮಾಲು ಕೊಂಡವರ ಮನೆಯೆದುರು ಉಪವಾಸ ಕೂತವರು ಹೆಂಗಸರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ, ಜೋಗಕ್ಕೆ ಹೋಗುವ ಬಸ್ಸುಗಳು ಅದರ ಪಕ್ಕದಲ್ಲೇ ಹಾದುಹೋಗುತ್ತವೆ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನಾವು ಹಾಡಿಗಾಗಿ ನೆನೆಯುತ್ತೇವೆ. ಪದ್ಮಶ್ರೀ ಬಂದದ್ದೂ ಅದಕ್ಕೇ, 2017ರಲ್ಲಿ. ಆದರೆ ಹಾಲಕ್ಕಿ ಕೇರಿಗಳಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದ ಸುಕ್ರಜ್ಜಿ ಅಪ್ಪಟ ರಾಜಕಾರಣಿ, ಆ ಮಾತಿನ ಒಳ್ಳೆಯ ಅರ್ಥದಲ್ಲಿ. 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಎಲ್ಲ ಪಕ್ಷದವರೂ ಹೂವು ಹಾಕಿದರು.

2020ರ ಜನವರಿಯಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬಂದರು ವಿಸ್ತರಣೆ ವಿರುದ್ಧ ಮೀನುಗಾರರು ಎದ್ದಾಗಲೂ ಪೊಲೀಸರೆದುರು ಮುಂದಿನ ಸಾಲಿನಲ್ಲಿದ್ದವರು ಮೀನುಮಾರುವ ಬಾಯಿಯರು. ಹೊನ್ನಾವರದ ಕಾಸರಕೋಡ ಟೊಂಕದಲ್ಲೂ ಹಾಗೇ, ಅಂಕೋಲಾದ ಕೇಣಿಯಲ್ಲೂ ಹಾಗೇ. ಹೋರಾಟ ಮುಗಿದು ಮಾತುಕತೆಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕುರ್ಚಿ ಹಾಕುವಾಗ ನೋಡಬೇಕು. ಮುಂದಿನ ಸಾಲು ಅದಲುಬದಲಾಗಿರುತ್ತದೆ.

ಶಕ್ತಿ ಯೋಜನೆಯ ಬಸ್ಸು, ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮೇಲೆ ಹೆಂಗಸಿನ ಮತಕ್ಕೆ ಬೆಲೆ ಏರಿದೆ, ಅನುಮಾನವಿಲ್ಲ. ಎಲ್ಲ ಪಕ್ಷದ ಭಾಷಣಗಳಲ್ಲೂ ಈಗ 'ತಾಯಂದಿರೇ' ಎಂಬುದು ಮೊದಲು ಬರುತ್ತದೆ. ಅರ್ಜಿಯ ಫಲಾನುಭವಿ ಕಾಲಂನಲ್ಲಿ ಅವಳ ಹೆಸರಿದೆ. ಟಿಕೆಟ್ ಪಟ್ಟಿಯಲ್ಲಿ?

ಇನ್ನು ಏಣಿಯ ಮಾತು. ಗಂಡಸರು ಶಾಸಕರಾಗುವ ದಾರಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ವ್ಯವಸಾಯ ಸೇವಾ ಸಹಕಾರಿ ಸಂಘ, ಗ್ರಾಮ ಪಂಚಾಯತ್, ಎಪಿಎಂಸಿ, ಜಿಲ್ಲಾ ಸಹಕಾರಿ ಬ್ಯಾಂಕಾದ ಕೆಡಿಸಿಸಿ, ತಾಲೂಕಾ ಪಂಚಾಯತ್, ಜಿಲ್ಲಾ ಪಂಚಾಯತ್. ಇದರಲ್ಲಿ ಸಹಕಾರಿಯ ಸಾಲು ಹೆಂಗಸರಿಗೆ ಅಷ್ಟು ಸುಲಭದಲ್ಲಿ ಸಿಗುವುದಿಲ್ಲ, ಯಾಕೆಂದರೆ ಷೇರು ಗಂಡನ ಹೆಸರಲ್ಲಿ, ತೋಟದ ಪಹಣಿ ಮಾವನ ಹೆಸರಲ್ಲಿ. ಉಳಿದದ್ದು ಪಂಚಾಯತ್ ದಾರಿ. ಅಲ್ಲಿ 2010ರ ತಿದ್ದುಪಡಿಯಿಂದ ಶೇಕಡಾ 50 ಮೀಸಲಾತಿಯಿದೆ. ಗ್ರಾಮ ಪಂಚಾಯತ್ ಕೆಳಗಿನ ಮೆಟ್ಟಿಲು, ಅಲ್ಲಿ ಚರಂಡಿ, ಬೀದಿದೀಪ, ನರೇಗಾ ಕಲಿಯಬಹುದು. ಆದರೆ ಅಧ್ಯಕ್ಷ ಸ್ಥಾನದ ಅವಧಿ 30 ತಿಂಗಳು. ಹೆಂಗಸು ಪಿಡಿಓಗೆ ಪ್ರಶ್ನೆ ಕೇಳಲು ಕಲಿಯುವಷ್ಟರಲ್ಲಿ ಮೀಸಲಾತಿಯ ರೋಸ್ಟರ್ ತಿರುಗಿರುತ್ತದೆ. ಶಾಸಕಿಯಾಗಲು ಬೇಕಾದ ತಾಲೀಮು ಸಿಗುವುದು ಅದರ ಮೇಲಿನ ಎರಡು ಮೆಟ್ಟಿಲುಗಳಲ್ಲಿ. ಹತ್ತಾರು ಹಳ್ಳಿ ತಿರುಗಬೇಕು, ಇಲಾಖೆಗಳ ಅಧಿಕಾರಿಗಳನ್ನು ಎದುರು ಕೂರಿಸಿಕೊಳ್ಳಬೇಕು, ಪಕ್ಷದ ಜಿಲ್ಲಾ ಕಚೇರಿಯಲ್ಲಿ ಗುರುತು ಸಿಗಬೇಕು.

ಆ ಎರಡು ಮೆಟ್ಟಿಲುಗಳನ್ನೇ ಕಿತ್ತಿಟ್ಟಿದ್ದಾರೆ. ತಾಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು, ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು, ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು, ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಈ ವಿಷಯದಲ್ಲಿ ಎರಡು ಪಕ್ಷಗಳ ನಡುವೆ ಅಪರೂಪದ ಒಮ್ಮತವಿದೆ. ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಚುನಾಯಿತ ನಾಯಕ ಬೆಳೆಯುವುದು ಯಾವತ್ತೂ ಇಷ್ಟವಿಲ್ಲ, ನಾಯಕಿಯಂತೂ ಇನ್ನೂ ಇಷ್ಟವಿಲ್ಲ. ಗಂಡಸಿಗೆ ಸಹಕಾರಿ ಸಂಘವೋ ಗುತ್ತಿಗೆಯೋ ಬೇರೆ ದಾರಿ ಇದ್ದೇ ಇದೆ. ಹೆಂಗಸಿಗೆ ಇದ್ದ ಒಂದೇ ದಾರಿ ಇದು.

ಹಾಗಾಗಿ ಮೀಸಲಾತಿಯ ಎರಡು ಸೀಟು ನಿಜಕ್ಕೂ ಬಂದ ದಿನ ಪಕ್ಷಗಳು ಏನು ಹೇಳುತ್ತವೆ ಎಂದು ಈಗಲೇ ಬರೆದಿಡಬಹುದು: "ತಯಾರಾದ ಹೆಂಗಸರೇ ಇಲ್ಲ, ಏನು ಮಾಡುವುದು?" ಆಗ ಮದುವೆಮನೆಯ ಪಂಕ್ತಿಯ ಪಟ್ಟಿ ಕೆಲಸಕ್ಕೆ ಬರುತ್ತದೆ. ಮಾರ್ಗರೆಟ್ ಅವರಿಗೆ ಏಣಿಯ ಅಗತ್ಯವಿರಲಿಲ್ಲ. ಆಳ್ವಾ ಎಂಬ ಹೆಸರು, ರಾಜ್ಯಸಭೆಯ ನಾಲ್ಕು ಅವಧಿ ಅವರನ್ನು ಮೇಲಿನಿಂದ ಕ್ಷೇತ್ರಕ್ಕೆ ಇಳಿಸಿದವು. ಇಳಿದು ಬಂದವರನ್ನು ಕ್ಷೇತ್ರ ಒಮ್ಮೆ ಗೆಲ್ಲಿಸಿ ಎರಡು ಸಲ ವಾಪಸು ಕಳಿಸಿತು. ಬುಡದಲ್ಲಿ ಅವರದೇ ಎನ್ನುವ ಪಂಚಾಯತ್ ಜಾಲ ಇದ್ದಿದ್ದರೆ 2009ರ ಆ 23 ಸಾವಿರ ತುಂಬುವುದು ಅಷ್ಟೇನೂ ಕಷ್ಟವಿರಲಿಲ್ಲ.

ಅಘನಾಶಿನಿ ದಂಡೆಯ ಒಂದು ಊರಿನಲ್ಲಿ ನನಗೆ ಪರಿಚಯದ ಒಬ್ಬ ಬಾಯಿ ಇದ್ದಾರೆ. 2016ರಲ್ಲಿ ತಾಲೂಕಾ ಪಂಚಾಯತ್‌ಗೆ ಗೆದ್ದಿದ್ದರು. ಕಸುಬು ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕುವುದು. ನೀರು ಇಳಿದಾಗ ಹೊಳೆಗಿಳಿದು ಸೊಂಟದ ಮಟ್ಟ ನಿಂತು ಕಾಲಲ್ಲಿ ತಡಕಿ ತೆಗೆಯಬೇಕು. ಮೊದಲ ವರ್ಷ ಅವರು ಮೀಟಿಂಗಿಗೆ ಬರುತ್ತಿದ್ದದ್ದು ಇಳಿತ ನೋಡಿಕೊಂಡು. "ಮೀಟಿಂಗು ಯಾವಾಗ್ಲೂ ಹನ್ನೊಂದಕ್ಕೆ, ಅಕ್ಕೋರೆ. ಹೊಳೆ ಹಾಗಲ್ಲ, ದಿನಾ ಮುಕ್ಕಾಲು ತಾಸು ಮುಂದೆ ಹೋಗ್ತದೆ. ನಾ ಯಾವುದನ್ನ ಬಿಡೂದು?" ಎಂದಿದ್ದರು. ಅನುಪಾಲನಾ ವರದಿ ಎಂದರೆ ಏನೆಂದು ಅವರಿಗೆ ಆಗ ಗೊತ್ತಿರಲಿಲ್ಲ, ಗಂಡ ಓದಿ ಹೇಳುತ್ತಿದ್ದ. ಮೂರನೇ ವರ್ಷಕ್ಕೆ ಅದೇ ವರದಿಯ ಪುಟ ತಿರುವಿ, "ಹೋದ ಸಭೇಲಿ ಆಗ್ತದೆ ಅಂದಿದ್ರಿ, ಇಲ್ಲಿ ಪ್ರಗತಿಯಲ್ಲಿದೆ ಅಂತ ಬರ್ದಿದ್ರಿ, ನಾ ನಿನ್ನೆ ನೋಡ್ಕಂಡು ಬಂದೆ, ಒಂದು ಕಲ್ಲೂ ಬಿದ್ದಿಲ್ಲ" ಎಂದು ಇಂಜಿನಿಯರನ್ನು ನಿಲ್ಲಿಸಿ ಕೇಳಿದ್ದನ್ನು ನಾನೇ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೆ. ಆ ಮಳೆಗಾಲದ ಮೊದಲು ಅವರ ಕೇರಿಯ ಶಾಲೆಮಕ್ಕಳಿಗೆ ಕಾಲುಸಂಕ ಆಯಿತು.

2021ರಿಂದ ಅವರು ಮತ್ತೆ ಪೂರ್ತಿಯಾಗಿ ಹೊಳೆಯಲ್ಲಿದ್ದಾರೆ. ಪಕ್ಷದವರು ಯಾರೂ ಕರೆದಿಲ್ಲ. ಹೋದ ತಿಂಗಳು ಮೀನಪೇಟೆಯಲ್ಲಿ ಸಿಕ್ಕಾಗ ಬುಟ್ಟಿಯ ಬದಿಯಲ್ಲಿದ್ದ ಪ್ಲಾಸ್ಟಿಕ್ ಕೊಟ್ಟೆಯಿಂದ ಒಂದು ಅರ್ಜಿ ತೆಗೆದು ತೋರಿಸಿದರು. ಕಾಲುಸಂಕದ ಒಂದು ಬದಿ ಕುಸಿದಿದೆಯಂತೆ. ಅರ್ಜಿ ಅವರದೇ ಅಕ್ಷರ. ಆಡಳಿತಾಧಿಕಾರಿಗೆ ಬರೆದದ್ದು, ಕೆಳಗೆ 'ಮಾಜಿ ತಾ.ಪಂ. ಸದಸ್ಯೆ' ಎಂದು ಸಹಿ. "ಕೊಟ್ಟು ನಾಕು ತಿಂಗ್ಳಾಯ್ತು, ಇದು ಝೆರಾಕ್ಸು" ಎಂದರು. ಆಮೇಲೆ ಬೆಳಚು ಅಳೆಯುತ್ತ ತಲೆ ಎತ್ತದೆ ಕೇಳಿದರು: "ಮೀಸಲಾತಿ ಪಟ್ಟಿ ಬಂತೆ, ಅಕ್ಕೋರೆ? ನಮ್ಮ ಬದಿಗೆ ಈ ಸಲ ಎಂತ ಬಿದ್ದದೆ?"